ಚರ್ಮದ ಮೇಲಿನ ಮಚ್ಚೆ, ಚಿತ್ರದೊಳಗಿನ ರಕ್ತನಾಳ

ಮಗು ಹುಟ್ಟಿದ ಮನೆಯಲ್ಲಿ ಹಿರಿಯರ ಕಣ್ಣು ಮೊದಲು ಹರಿಯುವುದು ಅದರ ಮುಖದ ಮೇಲೆ, ಅನಂತರ ಮೈಮೇಲಿನ ಮಚ್ಚೆಗಳ ಮೇಲೆ. ಇಂಥ ಕಡೆ ಇದ್ದರೆ ಅದೃಷ್ಟ, ಅಂಥ ಕಡೆ ಇದ್ದರೆ ಕಷ್ಟ ಎಂದು ಶಕುನ ಹೇಳುವವರು ಈಗಲೂ ಉಂಟು. ಒಂದೆರಡು ಮಚ್ಚೆಗಳಿಗೆ ಯಾರೂ ಚಿಂತಿಸಬೇಕಾದ್ದಿಲ್ಲ. ಆದರೆ ಹಾಲು ಬೆರೆತ ಕಾಫಿಯ ಬಣ್ಣದ ಚಪ್ಪಟೆ ಮಚ್ಚೆಗಳು ಆರಕ್ಕೂ ಹೆಚ್ಚಾಗಿ ಕಂಡುಬಂದಾಗ ಶಕುನದ ಮಾತನ್ನು ಬಿಟ್ಟು ವೈದ್ಯರ ಮಾತನ್ನು ಕೇಳುವುದು ವಿವೇಕ. ಏಕೆಂದರೆ ಆ ಮಚ್ಚೆಗಳ ಹಿಂದಿರುವ ಕಾಯಿಲೆಯು ಚರ್ಮಕ್ಕಷ್ಟೇ ಸಂಬಂಧಿಸಿದ್ದಲ್ಲ. ಕೆಲವರಲ್ಲಿ ಅದು ದೇಹದೊಳಗಿನ ರಕ್ತನಾಳಗಳನ್ನೂ ಸದ್ದಿಲ್ಲದೆ ಕಿರಿದುಗೊಳಿಸುತ್ತದೆ.

ವಿಷಯ ಮನದಟ್ಟಾಗಲೆಂದು ಒಂದು ಮನೆಯನ್ನು ಊಹಿಸಿಕೊಳ್ಳೋಣ. ಹಾಸನದ ಮಗ್ಗುಲಲ್ಲೇ ಇರುವ, ಅಲ್ಲಿನ ವಿಮಾನ ನಿಲ್ದಾಣದ ಮಾತು ಬಂದಾಗಲೆಲ್ಲ ಹೆಸರು ಕೇಳಿಬರುವ ಬೂವನಹಳ್ಳಿಯಲ್ಲಿ ಅಂಥದೊಂದು ಮನೆ ಇದೆ ಎಂದಿಟ್ಟುಕೊಳ್ಳಿ. ಹತ್ತು ವರ್ಷದ ಹುಡುಗ. ಎಣ್ಣೆ ಹಚ್ಚಿ ಸ್ನಾನ ಮಾಡಿಸುವಾಗ ಅಜ್ಜಿ ಅವನ ಬೆನ್ನು, ಹೊಟ್ಟೆ, ತೊಡೆಯ ಮಚ್ಚೆಗಳನ್ನು ನೋಡುತ್ತಲೇ ಬಂದಿದ್ದಾರೆ. “ಬಸುರಿಯಾಗಿದ್ದಾಗ ಗ್ರಹಣದ ಹೊತ್ತಲ್ಲಿ ಕೈ ಸೋಕಿಸಿಕೊಂಡಿದ್ದೀಯ ಕಣವ್ವ” ಎಂದು ಸೊಸೆಗೆ ಹೇಳಿ ಆ ಮಾತನ್ನು ಅಲ್ಲಿಗೇ ಮುಗಿಸಿದ್ದಾರೆ. ಈಚೆಗೆ ಹುಡುಗ ಶಾಲೆಯಿಂದ ಬಂದೊಡನೆ ತಲೆನೋವೆಂದು ಮಲಗುತ್ತಾನೆ. ಬಿಸಿಲೆಂದರು, ಹೊಟ್ಟೆಗೆ ಸರಿಯಾಗಿ ತಿಂದಿಲ್ಲವೆಂದರು, ಕಡೆಗೆ ಕಣ್ಣಿನ ದೋಷವಿರಬಹುದೆಂದು ಕನ್ನಡಕ ಕೊಡಿಸಿದರು. ಇಷ್ಟೆಲ್ಲ ಆದರೂ ಒಂದು ಕೆಲಸವನ್ನು ಮಾತ್ರ ಯಾರೂ ಮಾಡಲಿಲ್ಲ: ಆ ಹುಡುಗನ ರಕ್ತದೊತ್ತಡವನ್ನು ಅಳೆಯಲಿಲ್ಲ. ‘ಬಿ.ಪಿ.’ ಎಂಬುದು ವಯಸ್ಸಾದವರ ಕಾಯಿಲೆ ಎಂಬ ಭಾವನೆ ನಮ್ಮಲ್ಲಿ ಅಷ್ಟು ಬಲವಾಗಿ ಬೇರೂರಿದೆ.

ಈ ಕಾಯಿಲೆಗೆ ವೈದ್ಯಶಾಸ್ತ್ರದಲ್ಲಿ ನ್ಯೂರೋಫೈಬ್ರೋಮಟೋಸಿಸ್ ಎಂದು ಹೆಸರು. ಇದರಲ್ಲಿ ಬೇರೆ ಬೇರೆ ಬಗೆಗಳುಂಟು. ಇಲ್ಲಿ ಹೇಳುತ್ತಿರುವುದು ಬಹುಪಾಲು ರೋಗಿಗಳಲ್ಲಿ ಕಾಣುವ ಮೊದಲನೆಯ ಬಗೆಯ ವಿಚಾರ. ನರಗಳ ಹೊದಿಕೆಯಲ್ಲಿ ಮೆತ್ತನೆಯ ಗಂಟುಗಳು ಬೆಳೆಯುವುದರಿಂದ ಈ ಹೆಸರು ಬಂತು. ೧೮೮೨ರಲ್ಲಿ ಜರ್ಮನಿಯ ರೋಗಶಾಸ್ತ್ರಜ್ಞ ಫ್ರೀಡ್ರಿಕ್ ಫಾನ್ ರೆಕ್ಲಿಂಗ್‌ಹೌಸೆನ್ ಈ ಗಂಟುಗಳು ನರದ ಹೊದಿಕೆಯಿಂದಲೇ ಹುಟ್ಟುತ್ತವೆಂದು ವಿವರಿಸಿದನಾದ್ದರಿಂದ ಬಹುಕಾಲ ಅವನ ಹೆಸರಿನಿಂದಲೇ ರೋಗವನ್ನು ಕರೆಯುತ್ತಿದ್ದರು. ಸುಮಾರು ಮೂರು ಸಾವಿರ ಜನನಗಳಿಗೆ ಒಂದರಂತೆ ಇದು ಎಲ್ಲ ದೇಶಗಳಲ್ಲಿಯೂ, ಎಲ್ಲ ಜಾತಿ ಜನಾಂಗಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಇದನ್ನು ತೀರ ಅಪರೂಪದ ಕಾಯಿಲೆಯೆಂದು ಬದಿಗಿಡುವಂತಿಲ್ಲ. ಒಂದು ತಾಲ್ಲೂಕಿನಲ್ಲಿ ಹತ್ತಾರು ಮನೆಗಳಲ್ಲಿ ಇದು ಇದ್ದೀತು, ಗುರುತು ಹಿಡಿದವರು ಮಾತ್ರ ಬೆರಳೆಣಿಕೆಯಷ್ಟಿರಬಹುದು.

ಇದರ ಮೂಲ ಹದಿನೇಳನೆಯ ವರ್ಣತಂತುವಿನಲ್ಲಿರುವ ಒಂದು ವಂಶವಾಹಿಯಲ್ಲಿದೆ. ಅದನ್ನು ೧೯೯೦ರಲ್ಲಿ ಅಮೆರಿಕದ ವಿಜ್ಞಾನಿಗಳು ಗುರುತಿಸಿದರು. ಆ ವಂಶವಾಹಿಯು ತಯಾರಿಸುವ ನ್ಯೂರೋಫೈಬ್ರೋಮಿನ್ ಎಂಬ ಪ್ರೋಟೀನು ಜೀವಕೋಶಗಳ ಬೆಳವಣಿಗೆಗೆ ಕಡಿವಾಣದಂತೆ ಕೆಲಸ ಮಾಡುತ್ತದೆ. ಕಡಿವಾಣ ಸಡಿಲವಾದರೆ ಕೋಶಗಳು ಬೇಡದ ಕಡೆ ಬೆಳೆಯುತ್ತವೆ. ನರದ ಹೊದಿಕೆಯಲ್ಲಿ ಬೆಳೆದರೆ ಗಂಟು. ರಕ್ತನಾಳದ ಒಳಗೋಡೆಯಲ್ಲಿ ಬೆಳೆದರೆ ನಾಳವೇ ಇಕ್ಕಟ್ಟಾಗುತ್ತದೆ.

ತಂದೆ ತಾಯಿಯರಲ್ಲಿ ಒಬ್ಬರಿಗೆ ಈ ದೋಷವಿದ್ದರೆ ಹುಟ್ಟುವ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಇನ್ನು ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯ ವಂಶದಲ್ಲಿ ಹಿಂದೆ ಯಾರಿಗೂ ಇದು ಇರುವುದಿಲ್ಲ. ವಂಶವಾಹಿಯಲ್ಲಿ ಹೊಸದಾಗಿ ತಾನೇ ತಾನಾಗಿ ಆದ ಬದಲಾವಣೆ ಅದಕ್ಕೆ ಕಾರಣ. ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಟ್ಟು ಮದುವೆ ಮಾಡಿದ್ದರಿಂದ ಹೀಗಾಯಿತೆಂದು ಕೊರಗುವ ಮನೆಗಳುಂಟು. ರಕ್ತಸಂಬಂಧದ ಮದುವೆಯಿಂದ ಬರುವ ಬೇರೆ ಕಾಯಿಲೆಗಳು ಇವೆ ನಿಜ, ಆದರೆ ಇದು ಆ ಗುಂಪಿಗೆ ಸೇರಿದ್ದಲ್ಲ. ಗ್ರಹಣವೂ ಕಾರಣವಲ್ಲ, ತಾಯಿ ತಿಂದದ್ದೂ ಕಾರಣವಲ್ಲ. ಮುಟ್ಟಿದರೆ ಹರಡುವುದೂ ಇಲ್ಲ. ಜನನ ಮರಣಾದಿ ಪಂಚಸೂತಕಗಳನ್ನೇ ತಳ್ಳಿಹಾಕಿದ ಶರಣರ ಪರಂಪರೆಯಲ್ಲಿ ಹುಟ್ಟಿ ಬೆಳೆದ ನಾವು ಒಂದು ಮಗುವಿನ ಮೈಮೇಲಿನ ಮಚ್ಚೆಗೆ ಹೊಸ ಸೂತಕವೊಂದನ್ನು ಕಟ್ಟುವುದು ಸರಿಯೇ ಎಂಬುದನ್ನು ಪ್ರತಿ ಮನೆಯವರೂ ಕೇಳಿಕೊಳ್ಳಬೇಕಾಗಿದೆ.

ಲಕ್ಷಣಗಳನ್ನು ಮನೆಯಲ್ಲಿಯೇ ಗಮನಿಸಬಹುದು. ಹರೆಯಕ್ಕೆ ಮೊದಲು ಐದು ಮಿಲಿಮೀಟರಿಗಿಂತ ದೊಡ್ಡದಾದ, ಹರೆಯದ ನಂತರ ಹದಿನೈದು ಮಿಲಿಮೀಟರಿಗಿಂತ ದೊಡ್ಡದಾದ ಆರು ಅಥವಾ ಹೆಚ್ಚು ಕಂದು ಮಚ್ಚೆಗಳಿದ್ದರೆ ಅದು ಮುಖ್ಯ ಸೂಚನೆ. ಈ ಮಚ್ಚೆಗೆ ಫ್ರೆಂಚರು ಇಟ್ಟ ಹೆಸರಿನ ಅರ್ಥವೇ ಹಾಲು ಹಾಕಿದ ಕಾಫಿ ಎಂದು. ಕಾಫಿ ಬೆಳೆಯುವ ಹಾಸನ ಸೀಮೆಯವರಿಗೆ ಆ ಬಣ್ಣವನ್ನು ಬೇರೆಯಾಗಿ ವರ್ಣಿಸಬೇಕಿಲ್ಲ. ಕಂಕುಳಿನಲ್ಲಿ ಅಥವಾ ತೊಡೆಯ ಸಂದಿನಲ್ಲಿ ಸಾಸಿವೆ ಚೆಲ್ಲಿದಂತೆ ಸಣ್ಣ ಚುಕ್ಕೆಗಳು ಕಾಣಬಹುದು. ಕಣ್ಣಿನ ವೈದ್ಯರು ತಮ್ಮ ಉಪಕರಣದಲ್ಲಿ ನೋಡಿದಾಗ ಕಣ್ಣಿನ ಬಣ್ಣದ ಪರದೆಯ ಮೇಲೆ ಕಂದುಬಣ್ಣದ ಪುಟ್ಟ ಗಂಟುಗಳು ಕಂಡಾವು. ಅವು ದೃಷ್ಟಿಗೆ ತೊಂದರೆ ಮಾಡುವುದಿಲ್ಲ, ಆದರೆ ರೋಗದ ಗುರುತನ್ನು ಹೇಳುತ್ತವೆ. ನಮ್ಮ ಊಹೆಯ ಹುಡುಗನನ್ನು ಕನ್ನಡಕಕ್ಕಾಗಿ ಅಂಗಡಿಗೆ ಕರೆದೊಯ್ಯುವ ಬದಲು ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ದಿದ್ದರೆ ಕಥೆಯ ದಾರಿ ಅಲ್ಲಿಯೇ ತಿರುಗುತ್ತಿತ್ತು.

ಈ ಕಾಯಿಲೆಗೂ ರಕ್ತನಾಳಗಳಿಗೂ ಇರುವ ನಂಟನ್ನು ವೈದ್ಯರು ತಡವಾಗಿ ಅರಿತರು. ೧೯೪೦ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ರೂಬಿ ಎಂಬ ವೈದ್ಯರು ಇಂಥ ರೋಗಿಗಳ ನಾಳಗಳ ಗೋಡೆ ದಪ್ಪಗಟ್ಟಿರುವುದನ್ನು ವಿವರಿಸಿದ ಮೇಲೆ ಅದು ಗಮನಕ್ಕೆ ಬಂತು. ಹೆಚ್ಚಾಗಿ ಪೆಟ್ಟು ತಿನ್ನುವುದು ಮೂತ್ರಪಿಂಡಕ್ಕೆ ರಕ್ತ ಒಯ್ಯುವ ಅಪಧಮನಿ. ಮಹಾಪಧಮನಿಯಿಂದ ಅದು ಕವಲೊಡೆಯುವ ಬಾಯಿಯ ಹತ್ತಿರವೇ ನಾಳ ಕಿರಿದಾಗುತ್ತದೆ. ಒಮ್ಮೊಮ್ಮೆ ಎರಡೂ ಕಡೆ, ಒಮ್ಮೊಮ್ಮೆ ಹೊಟ್ಟೆಯೊಳಗಿನ ಮಹಾಪಧಮನಿಯೇ ಸೇರಿದಂತೆ.

ನಾಳ ಕಿರಿದಾದರೆ ಇಡೀ ದೇಹದ ಒತ್ತಡ ಏಕೆ ಏರಬೇಕು? ನೀರಾವರಿಯನ್ನು ಬಲ್ಲ ರೈತನಿಗೆ ಇದು ಸುಲಭವಾಗಿ ತಿಳಿಯುತ್ತದೆ. ಕಾಲುವೆಯ ಕೊನೆಯ ಗದ್ದೆಗೆ ನೀರು ಸಾಲದೆ ಹೋದರೆ ಆ ಗದ್ದೆಯವನು ಹೋಗಿ ತೂಬನ್ನೇ ಹೆಚ್ಚು ಎತ್ತಿಸುತ್ತಾನೆ. ತನ್ನ ಕಾಲುವೆಯಲ್ಲಿ ಮಣ್ಣು ಕಟ್ಟಿಕೊಂಡಿರುವುದು ಅವನಿಗೆ ಗೊತ್ತಿಲ್ಲ. ಹಾಗೆಯೇ ರಕ್ತ ಕಡಿಮೆಯಾದ ಮೂತ್ರಪಿಂಡವು ಇಡೀ ದೇಹದಲ್ಲಿಯೇ ಒತ್ತಡ ಇಳಿದಿದೆಯೆಂದು ಭ್ರಮಿಸಿ ರೆನಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ. ಅದರಿಂದ ಒತ್ತಡ ಎಲ್ಲೆಡೆ ಏರುತ್ತದೆ. ೧೯೩೪ರಲ್ಲಿ ಅಮೆರಿಕದ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಗಳ ಮೂತ್ರಪಿಂಡದ ನಾಳಕ್ಕೆ ಸಣ್ಣ ಹಿಡಿಕೆ ಹಾಕಿ ಕಿರಿದುಗೊಳಿಸಿ, ಅವುಗಳ ರಕ್ತದೊತ್ತಡ ಏರುವುದನ್ನು ತೋರಿಸಿದ್ದರು. ನ್ಯೂರೋಫೈಬ್ರೋಮಟೋಸಿಸ್ ಇರುವ ಮಗುವಿನಲ್ಲಿ ಪ್ರಕೃತಿಯೇ ಆ ಹಿಡಿಕೆಯನ್ನು ಹಾಕಿದಂತಾಗುತ್ತದೆ. ಏರಿದ ಒತ್ತಡ ವರ್ಷಗಟ್ಟಲೆ ಉಳಿದರೆ ಹೃದಯ ದಪ್ಪವಾಗುತ್ತದೆ, ಕಣ್ಣಿನ ಪರದೆ ಕೆಡುತ್ತದೆ, ಮಿದುಳಿನಲ್ಲಿ ರಕ್ತಸ್ರಾವವೂ ಆಗಬಹುದು. ಹೆಚ್ಚಿನ ಮಕ್ಕಳಿಗೆ ತಲೆನೋವೂ ಬರುವುದಿಲ್ಲ, ಯಾವ ಲಕ್ಷಣವೂ ಇರುವುದಿಲ್ಲ ಎಂಬುದೇ ಇಲ್ಲಿನ ಅಪಾಯ.

ಹಾಗಾದರೆ ಒಳಗಿನದನ್ನು ನೋಡುವುದೆಂತು? ಕೈಯಿಂದ ಮುಟ್ಟಿ ತಿಳಿಯಲಾಗದ ಈ ನಾಳಗಳನ್ನು ಕಣ್ಣಿಗೆ ಕಾಣಿಸುವ ವಿದ್ಯೆ ಇಪ್ಪತ್ತನೆಯ ಶತಮಾನದ ದೊಡ್ಡ ಕೊಡುಗೆಗಳಲ್ಲೊಂದು. ೧೯೨೭ರಲ್ಲಿ ಪೋರ್ಚುಗಲ್ಲಿನ ಲಿಸ್ಬನ್ ನಗರದಲ್ಲಿ ಎಗಾಸ್ ಮೊನಿಜ್ ಎಂಬ ವೈದ್ಯರು ಕ್ಷ-ಕಿರಣಕ್ಕೆ ಅಡ್ಡಬರುವ ದ್ರವವನ್ನು ನಾಳಕ್ಕೆ ಸೇರಿಸಿ ಮಿದುಳಿನ ರಕ್ತನಾಳಗಳ ಚಿತ್ರ ತೆಗೆದರು. ೧೯೫೩ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್ ಸೂಜಿಯ ಮೂಲಕ ತಂತಿ, ತಂತಿಯ ಮೇಲೆ ಸಣ್ಣ ಕೊಳವೆ ಎಂಬ ಸರಳ ಉಪಾಯವನ್ನು ಕಂಡುಹಿಡಿದ ಮೇಲೆ ಆಂಜಿಯೋಗ್ರಾಮ್ ಎಂಬುದು ಕೊಯ್ದು ತೆರೆಯದೆ ಮಾಡುವ ಪರೀಕ್ಷೆಯಾಯಿತು. ೧೯೭೧ರಲ್ಲಿ ಹೌನ್ಸ್‌ಫೀಲ್ಡ್‌ರ ಸಿ.ಟಿ. ಯಂತ್ರ ಮೊದಲ ರೋಗಿಯ ಚಿತ್ರ ತೆಗೆಯಿತು. ಎಂ.ಆರ್.ಐ. ಅದರ ಹಿಂದೆಯೇ ಬಂದಿತು.

ಮೂತ್ರಪಿಂಡದ ನಾಳದ ಶಂಕೆ ಬಂದರೆ ಸಾಮಾನ್ಯವಾಗಿ ಮೊದಲು ಮಾಡುವುದು ಡಾಪ್ಲರ್ ಸ್ಕ್ಯಾನಿಂಗ್. ಗರ್ಭಿಣಿಯರಿಗೆ ಮಾಡುವ ಸ್ಕ್ಯಾನಿಂಗಿನ ಬಂಧುವೇ ಇದು, ನೋವಿಲ್ಲ, ವಿಕಿರಣವಿಲ್ಲ. ಕಿವಿಗೆ ಕೇಳದ ಧ್ವನಿತರಂಗಗಳು ಹರಿಯುವ ರಕ್ತಕ್ಕೆ ತಾಗಿ ಹಿಂದಿರುಗುವಾಗ ಹರಿವಿನ ವೇಗವನ್ನು ತಿಳಿಸುತ್ತವೆ. ಹೊಳೆಯು ಇಕ್ಕಟ್ಟಾದ ಬಂಡೆಗಳ ನಡುವೆ ರಭಸದಿಂದ ನುಗ್ಗುವಂತೆ ಕಿರಿದಾದ ನಾಳದಲ್ಲಿ ರಕ್ತದ ವೇಗ ಹೆಚ್ಚುತ್ತದೆ, ಪರದೆಯ ಮೇಲೆ ಅದು ಎತ್ತರದ ಅಲೆಯಾಗಿ ಮೂಡುತ್ತದೆ. ರಕ್ತ ಸಾಲದ ಮೂತ್ರಪಿಂಡ ತನ್ನ ಜೊತೆಯದಕ್ಕಿಂತ ಚಿಕ್ಕದಾಗಿಯೂ ಕಾಣಬಹುದು. ಆದರೆ ಹೊಟ್ಟೆಯಲ್ಲಿ ವಾಯು ತುಂಬಿದ್ದರೆ, ಮಗು ಅಲುಗಾಡಿದರೆ ಚಿತ್ರ ಸ್ಪಷ್ಟವಾಗುವುದಿಲ್ಲ. ಡಾಪ್ಲರ್ ಸರಿಯಿದೆ ಎಂದ ಮಾತ್ರಕ್ಕೆ ಒತ್ತಡ ಏರಿರುವ ಮಗುವಿನ ಪರೀಕ್ಷೆ ಅಲ್ಲಿಗೆ ಮುಗಿಯಬಾರದು. ಈ ಮಾತನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ‘ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲವಂತೆ’ ಎಂಬ ನೆಮ್ಮದಿಯಲ್ಲಿ ನಮ್ಮವರು ಚೀಟಿಯನ್ನು ಮಡಿಸಿ ಪೆಟ್ಟಿಗೆಯಲ್ಲಿಡುವುದು ಹೆಚ್ಚು.

ಮುಂದಿನ ಹೆಜ್ಜೆ ಸಿ.ಟಿ. ಅಥವಾ ಎಂ.ಆರ್. ಆಂಜಿಯೋಗ್ರಾಮ್. ಮಹಾಪಧಮನಿ ಬಾಳೆಯ ದಿಂಡಿನಂತೆ ನೇರವಾಗಿ ಇಳಿದು, ಎರಡು ಪಕ್ಕಕ್ಕೂ ಕೈಚಾಚಿದಂತೆ ಮೂತ್ರಪಿಂಡಗಳಿಗೆ ನಾಳಗಳು ಹೋಗುವುದು ಇದರಲ್ಲಿ ಕಾಣುತ್ತದೆ. ರೋಗವಿದ್ದಲ್ಲಿ ಆ ಕೈಯ ಬುಡ ದಾರ ಕಟ್ಟಿ ಬಿಗಿದಂತೆ ನಯವಾಗಿ ಸಣ್ಣಗಾಗಿರುತ್ತದೆ, ಅದನ್ನು ದಾಟಿದ ಕೂಡಲೇ ನಾಳ ಸ್ವಲ್ಪ ಉಬ್ಬಿರುವುದೂ ಉಂಟು. ವಯಸ್ಸಾದವರ ನಾಳಗಳಲ್ಲಿ ಕೊಬ್ಬು, ಸುಣ್ಣ ಕಟ್ಟಿಕೊಂಡು ಕಾಣುವ ಒರಟುತನ ಇಲ್ಲಿ ಇರುವುದಿಲ್ಲ. ಸಿ.ಟಿ.ಯಲ್ಲಿ ವಿಕಿರಣವಿದೆ. ಈ ಕಾಯಿಲೆಯವರಿಗೆ ಗಡ್ಡೆಗಳು ಬೆಳೆಯುವ ಪ್ರವೃತ್ತಿ ಇರುವುದರಿಂದ ಅನಗತ್ಯ ವಿಕಿರಣವನ್ನು ತಪ್ಪಿಸಿ, ಅನುಕೂಲವಿದ್ದಲ್ಲಿ ಎಂ.ಆರ್.ಐ.ಯನ್ನು ಆರಿಸುವುದು ಒಳ್ಳೆಯದು. ಮೂತ್ರಪಿಂಡದೊಳಗಿನ ಸಣ್ಣ ಕವಲುಗಳಲ್ಲಿ ದೋಷವಿದ್ದರೆ ಇವೆರಡರ ಕಣ್ಣಿಗೂ ಬೀಳದೆ ಹೋದೀತು. ಆಗ ತೊಡೆಯ ಸಂದಿನ ನಾಳದ ಮೂಲಕ ಕೊಳವೆ ಹಾಯಿಸಿ ಮಾಡುವ ಹಳೆಯ ಆಂಜಿಯೋಗ್ರಾಮೇ ಇಂದಿಗೂ ಕೊನೆಯ ತೀರ್ಪು.

ಮಿದುಳಿನ ಮಾತು ಇನ್ನೊಂದು. ಕುತ್ತಿಗೆಯಿಂದ ಮೇಲೇರಿ ಮಿದುಳನ್ನು ಸೇರುವ ದೊಡ್ಡ ನಾಳಗಳು ತುದಿಯಲ್ಲಿ ಮೆಲ್ಲನೆ ಮುಚ್ಚಿಕೊಳ್ಳುತ್ತ ಬಂದರೆ, ಕೊರತೆಯನ್ನು ತುಂಬಲು ಅಲ್ಲಿಯೇ ನೂರಾರು ಎಳೆಯಂಥ ನಾಳಗಳು ಹುಟ್ಟಿಕೊಳ್ಳುತ್ತವೆ. ಆಂಜಿಯೋಗ್ರಾಮಿನಲ್ಲಿ ಅದು ಬಾಯಿಂದ ಬಿಟ್ಟ ಹೊಗೆಯಂತೆ ಮಸುಕಾಗಿ ತೋರುವುದರಿಂದ ೧೯೬೯ರಲ್ಲಿ ಜಪಾನಿನ ಸುಜುಕಿ ಮತ್ತು ತಕಾಕು ಎಂಬ ವೈದ್ಯರು ತಮ್ಮ ಭಾಷೆಯಲ್ಲಿ ಅದೇ ಅರ್ಥ ಬರುವ ‘ಮೊಯಾಮೊಯಾ’ ಎಂಬ ಹೆಸರನ್ನು ಬಳಸಿದರು. ನ್ಯೂರೋಫೈಬ್ರೋಮಟೋಸಿಸ್ ಇರುವ ಕೆಲವು ಮಕ್ಕಳಲ್ಲಿ ಇದೇ ಚಿತ್ರ ಕಾಣುತ್ತದೆ. ಕಣ್ಣಿನ ನರದ ಗಡ್ಡೆಗೆಂದು ತಲೆಗೆ ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಅಪಾಯ ಮತ್ತಷ್ಟು ಹೆಚ್ಚು. ಮಗು ಬಿಕ್ಕಿಬಿಕ್ಕಿ ಅತ್ತ ಮೇಲೆ, ಪೀಪಿ ಊದಿದ ಮೇಲೆ, ಊದುಗೊಳವೆಯಿಂದ ಒಲೆ ಊದಿದ ಮೇಲೆ ಕೆಲವು ನಿಮಿಷ ಒಂದು ಕೈ ಸೋತು ಬೀಳುವುದು, ಮಾತು ತೊದಲುವುದು ಇದರ ಸೂಚನೆ. ಜೋರಾಗಿ ಉಸಿರು ಬಿಟ್ಟಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದು ಮಿದುಳಿನ ನಾಳಗಳು ಇನ್ನಷ್ಟು ಕುಗ್ಗುವುದೇ ಕಾರಣ. ಸ್ವಲ್ಪ ಹೊತ್ತಿಗೆ ಸರಿಹೋಗುವುದರಿಂದ ಮನೆಯವರು ಹಟವೆಂದೋ ಗಾಳಿಸೋಕೆಂದೋ ತಿಳಿದು ಅಂತ್ರ ಕಟ್ಟಿಸುತ್ತಾರೆ. ಕಟ್ಟಿಸಿದ ಮರುವಾರ ಪಾರ್ಶ್ವವಾಯು ಬಡಿದರೆ ಹೋದ ಶಕ್ತಿ ಪೂರ್ತಿಯಾಗಿ ಹಿಂದಿರುಗುವ ಭರವಸೆಯಿಲ್ಲ. ಎಂ.ಆರ್.ಐ. ಜೊತೆಗೆ ಎಂ.ಆರ್. ಆಂಜಿಯೋಗ್ರಾಮ್ ಮಾಡಿದರೆ ಔಷಧದ ಚುಚ್ಚುಮದ್ದೂ ಇಲ್ಲದೆ ಮಿದುಳಿನ ದೊಡ್ಡ ನಾಳಗಳನ್ನು ನೋಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂಥ ಮಕ್ಕಳ ಪರೀಕ್ಷೆಗೂ, ತಲೆಯ ಹೊರಗಿನ ನಾಳವನ್ನು ಮಿದುಳಿಗೆ ಜೋಡಿಸುವ ಶಸ್ತ್ರಚಿಕಿತ್ಸೆಗೂ ಅನುಕೂಲವಿದೆ.

ನಾಳಗಳು ಕಿರಿದಾಗುವುದಲ್ಲದೆ ಉಬ್ಬಿ ಒಡೆಯುವುದೂ, ಕುತ್ತಿಗೆಯಲ್ಲಿ ಅಪಧಮನಿಗೂ ಅಭಿಧಮನಿಗೂ ನೇರ ಸಂಪರ್ಕವೇರ್ಪಡುವುದೂ ಉಂಟು. ಅವು ಬಹಳ ವಿರಳ. ದೊಡ್ಡವರಲ್ಲಿ ಮಾತ್ರ ಬೇರೊಂದು ಸಂಗತಿಯನ್ನು ಮರೆಯಬಾರದು. ಮೂತ್ರಪಿಂಡದ ನೆತ್ತಿಯ ಮೇಲಿರುವ ಗ್ರಂಥಿಯಲ್ಲಿ ಗಡ್ಡೆ ಬೆಳೆದು, ತಲೆನೋವು, ಬೆವರು, ಎದೆಬಡಿತ ಒಮ್ಮೆಲೇ ಬಂದು ಹೋಗುವುದು, ಆ ಹೊತ್ತಿನಲ್ಲಿ ಒತ್ತಡ ಗಗನಕ್ಕೇರುವುದು. ಇದನ್ನು ರಕ್ತ ಅಥವಾ ಮೂತ್ರದ ಪರೀಕ್ಷೆಯಿಂದ ತಿಳಿಯಬಹುದು. ತಿಳಿಯದೆ ಬೇರೆ ಯಾವುದೋ ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಟ್ಟರೆ ಪ್ರಾಣಕ್ಕೇ ಅಪಾಯ.

ಚಿಕಿತ್ಸೆಯ ವಿಷಯದಲ್ಲಿ ಅತಿಯಾದ ಆಸೆಯೂ ಬೇಡ, ನಿರಾಶೆಯೂ ಬೇಡ. ಮೂಲರೋಗವನ್ನು ಬೇರುಸಹಿತ ಕೀಳುವ ಔಷಧ ಇನ್ನೂ ಇಲ್ಲ. ೨೦೨೦ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸೆಲುಮೆಟಿನಿಬ್ ಎಂಬ ಔಷಧವು ಮಕ್ಕಳ ದೊಡ್ಡ ನರಗಂಟುಗಳನ್ನು ಕುಗ್ಗಿಸಲೆಂದು ಇರುವುದೇ ಹೊರತು ರಕ್ತನಾಳದ ಇಕ್ಕಟ್ಟಿಗಲ್ಲ. ಒತ್ತಡವನ್ನು ಮಾತ್ರೆಗಳಿಂದ ಹತೋಟಿಗೆ ತರುವುದು ಮೊದಲ ಕೆಲಸ. ಆದರೆ ಅಜ್ಜನ ಬಿ.ಪಿ. ಮಾತ್ರೆಯನ್ನು ಅರ್ಧ ಮಾಡಿ ಮೊಮ್ಮಗನಿಗೆ ಕೊಡುವಂಥ ಸಾಹಸ ಸಲ್ಲದು. ಎರಡೂ ಮೂತ್ರಪಿಂಡಗಳ ನಾಳ ಕಿರಿದಾಗಿರುವವರಿಗೆ ಕೆಲವು ಜಾತಿಯ ಬಿ.ಪಿ. ಮಾತ್ರೆಗಳು ಮೂತ್ರಪಿಂಡವನ್ನೇ ನಿಲ್ಲಿಸಬಲ್ಲವು. ಬಲೂನಿನಿಂದ ನಾಳವನ್ನು ಹಿಗ್ಗಿಸುವ ವಿಧಾನ ಇಲ್ಲಿಯೂ ಉಂಟು, ಆದರೆ ಈ ರೋಗದ ನಾಳ ಗಟ್ಟಿ ಹುರಿಯಂತೆ ಬಿಗಿದಿರುವುದರಿಂದ ಮತ್ತೆ ಕುಗ್ಗುವುದು ಸಾಮಾನ್ಯ. ಅಂಥಲ್ಲಿ ಶಸ್ತ್ರಚಿಕಿತ್ಸೆಯಿಂದ ಬದಲಿ ನಾಳ ಜೋಡಿಸಬೇಕಾಗುತ್ತದೆ. ಪೂರ್ತಿ ಸತ್ತ ಮೂತ್ರಪಿಂಡವನ್ನು ತೆಗೆದು ಹಾಕಿದ ಮೇಲೆ ಒತ್ತಡ ಇಳಿದವರೂ ಇದ್ದಾರೆ.

ಎಂ.ಆರ್.ಐ. ಪರೀಕ್ಷೆಯ ಬಗ್ಗೆ ನಮ್ಮ ಮನೆಗಳಲ್ಲಿ ಏಳುವ ಒಂದು ಪ್ರಶ್ನೆಯನ್ನು ಇಲ್ಲಿಯೇ ಹೇಳಿಬಿಡುವುದು ಮೇಲು. ಆ ಕೋಣೆಯಲ್ಲಿರುವುದು ಬಲವಾದ ಅಯಸ್ಕಾಂತ. ಒಳಗೆ ಹೋಗುವವರು ಮೈಮೇಲಿನ ಲೋಹವನ್ನೆಲ್ಲ ತೆಗೆದಿಡಬೇಕು. ಮಾಂಗಲ್ಯ, ಕಾಲುಂಗುರ, ಉಡಿದಾರದ ಬೆಳ್ಳಿ, ಇವುಗಳ ಜೊತೆಗೆ ಕೊರಳಲ್ಲಿರುವ ಇಷ್ಟಲಿಂಗದ ಕರಡಿಗೆಯ ಮಾತೂ ಬರುತ್ತದೆ. ಲಿಂಗವನ್ನು ಅಂಗದಿಂದ ಅಗಲಿಸುವುದೆಂದರೆ ಹಿರಿಯರಿಗೆ ಆಗುವ ಸಂಕಟ ಸಣ್ಣದಲ್ಲ. ಅದಕ್ಕಾಗಿಯೇ ಪರೀಕ್ಷೆ ಬೇಡವೆಂದು ಎದ್ದುಬರುವ ಮನಸ್ಸಾದರೂ ಅಚ್ಚರಿಯಿಲ್ಲ. ಬೆಳ್ಳಿಯನ್ನು ಕಾಂತ ಸೆಳೆಯುವುದಿಲ್ಲ ನಿಜ. ಆದರೆ ಕರಡಿಗೆಯ ಕೊಂಡಿಯಲ್ಲಿ, ಬೆಸುಗೆಯಲ್ಲಿ ಬೇರೆ ಲೋಹ ಇರಬಹುದು. ಬೆಳ್ಳಿಯೇ ಆದರೂ ಬಿಸಿಯಾಗುವ, ಚಿತ್ರವನ್ನು ಕೆಡಿಸುವ ಸಂಭವವುಂಟು. ಲಿಂಗದ ಮೇಲಿನ ಕಂತಿಯಲ್ಲಿ ಏನೇನು ಸೇರಿದೆಯೆಂದು ಯಂತ್ರ ನಡೆಸುವವರಿಗೆ ತಿಳಿಯುವಂತಿಲ್ಲ. ಆದ್ದರಿಂದ ಮನೆಯಿಂದ ಹೊರಡುವಾಗಲೇ ಶುಭ್ರವಾದ ವಸ್ತ್ರವೊಂದನ್ನು ಜೊತೆಗೊಯ್ದು, ಆ ಅರ್ಧ ಮುಕ್ಕಾಲು ಗಂಟೆ ಲಿಂಗವನ್ನು ತಮ್ಮ ಕರದಲ್ಲಿಟ್ಟುಕೊಂಡು ಹೊರಗೆ ಕುಳಿತಿರುವವರು ಯಾರೆಂಬುದನ್ನು ನಿಶ್ಚಯಿಸಿಕೊಂಡರೆ, ಕೋಣೆಯ ಬಾಗಿಲಲ್ಲಿ ಆಸ್ಪತ್ರೆಯ ತಟ್ಟೆಗೋ ಬೀಗದ ಪೆಟ್ಟಿಗೆಗೋ ಒಪ್ಪಿಸುವ ಮುಜುಗರ ತಪ್ಪುತ್ತದೆ. ಡಾಪ್ಲರ್ ಸ್ಕ್ಯಾನಿಂಗಿಗೆ ಇದಾವುದೂ ಬೇಕಿಲ್ಲ. ಹೊಟ್ಟೆಯ ಸಿ.ಟಿ.ಗೆ ಕರಡಿಗೆಯನ್ನು ಚಿತ್ರದ ಹಾದಿಯಿಂದ ಮೇಲಕ್ಕೆ ಸರಿಸಿದರೆ ಸಾಕೇ ಎಂದು ಅಲ್ಲಿನವರನ್ನೇ ಕೇಳಿ.

ಇಷ್ಟೆಲ್ಲ ಪರೀಕ್ಷೆಗಳನ್ನು ಮಚ್ಚೆಯಿರುವ ಪ್ರತಿ ಮಗುವಿಗೂ ಮಾಡಿಸಬೇಕೆಂದು ಅರ್ಥವಲ್ಲ. ರೋಗ ಖಚಿತವಾದ ಮಕ್ಕಳಿಗೆ ವರ್ಷಕ್ಕೆ ಒಮ್ಮೆಯಾದರೂ ರಕ್ತದೊತ್ತಡ ಅಳೆಸುವುದೇ ಮುಖ್ಯ. ಚಿತ್ರದ ಅಗತ್ಯವನ್ನು ಆ ಅಂಕಿಯೇ ಹೇಳುತ್ತದೆ. ಅಳೆಯುವಾಗ ಮಗುವಿನ ತೋಳಿಗೆ ತಕ್ಕ ಸಣ್ಣ ಪಟ್ಟಿ ಬೇಕು. ದೊಡ್ಡವರ ಪಟ್ಟಿಯನ್ನು ಮಗುವಿನ ತೋಳಿಗೆ ಸುತ್ತಿದರೆ ಒತ್ತಡ ಇರುವುದಕ್ಕಿಂತ ಕಡಿಮೆ ತೋರಿಸಿ ರೋಗ ಮುಚ್ಚಿಹೋಗುತ್ತದೆ. ಮಕ್ಕಳಲ್ಲಿ ಎಷ್ಟಿದ್ದರೆ ಹೆಚ್ಚು ಎಂಬುದು ವಯಸ್ಸು ಮತ್ತು ಎತ್ತರದ ಮೇಲೆ ನಿಂತಿರುವುದರಿಂದ ೧೨೦ಕ್ಕೆ ೮೦ ಎಂಬ ದೊಡ್ಡವರ ಲೆಕ್ಕ ಹತ್ತು ವರ್ಷದವನಿಗೆ ಹೊಂದುವುದಿಲ್ಲ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆ, ಅಂಗನವಾಡಿಗಳಿಗೆ ಬಂದಾಗ ಅಂಗಿ ಬಿಚ್ಚಿಸಿ ಮಚ್ಚೆಗಳನ್ನು ತೋರಿಸಿ, ಪಟ್ಟಿ ಹಾಕಿ ಅಳೆಯಿರೆಂದು ಪೋಷಕರೇ ಕೇಳಬಹುದು. ಬೂವನಹಳ್ಳಿಯವರಿಗೆ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ ಕೈಯಳತೆಯಲ್ಲಿದೆ. ಅಲ್ಲಿಂದ ಮುಂದೆ ಹೋಗಬೇಕಾದರೆ ಸುತ್ತೂರು ಶ್ರೀಮಠದ ಆಶ್ರಯದಲ್ಲಿ ಬೆಳೆದ ಮೈಸೂರಿನ ಜೆ.ಎಸ್.ಎಸ್. ಆಸ್ಪತ್ರೆ, ಬೆಂಗಳೂರಿನ ಸರ್ಕಾರಿ ಸಂಸ್ಥೆಗಳು ಇವೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ನೆರವು ಬೇಕಾದವರು ಹೊರಡುವ ಮೊದಲೇ ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರದ ವಿಚಾರವನ್ನು ಕೇಳಿ ತಿಳಿಯಬೇಕು.

ಕೊನೆಯದಾಗಿ ಹೆಣ್ಣುಮಕ್ಕಳ ಮಾತು. ಮದುವೆ ಗೊತ್ತುಮಾಡುವಾಗ ಮಚ್ಚೆಯನ್ನೂ ಗಂಟನ್ನೂ ಸೀರೆಯ ಸೆರಗಿನಲ್ಲಿ ಮರೆಮಾಡಿ ಕಳುಹಿಸುವ ತಾಯಂದಿರ ಭಯ ಅರ್ಥವಾಗದ್ದೇನಲ್ಲ. ಆದರೆ ಗಂಡನ ಮನೆಯಲ್ಲಿ ಮುಚ್ಚಿಟ್ಟದ್ದು ಹೆರಿಗೆಯ ವೈದ್ಯರ ಮುಂದೆಯೂ ಮುಚ್ಚಿಯೇ ಉಳಿಯುತ್ತದೆ. ಈ ರೋಗವಿರುವ ಹೆಂಗಸರಿಗೆ ಬಸಿರಿನಲ್ಲಿ ಒತ್ತಡ ಏರುವ ಸಂಭವ ಇತರರಿಗಿಂತ ಹೆಚ್ಚು, ಗ್ರಂಥಿಯ ಗಡ್ಡೆಯಿದ್ದರೆ ಹೆರಿಗೆಯ ಹೊತ್ತು ತಾಯಿ ಮಗು ಇಬ್ಬರಿಗೂ ಕಂಟಕ. ಮದುವೆಗೆ ಮೊದಲೇ ಎರಡೂ ಕಡೆಯವರು ಕುಳಿತು ಮಾತನಾಡಿ, ವಂಶವಾಹಿ ತಜ್ಞರ ಸಲಹೆ ಪಡೆದು ಮುಂದುವರಿದರೆ ಉತ್ತಮ. ಅದು ಆಗದೇ ಹೋಗಿದ್ದರೂ, ಬಸಿರು ನಿಂತ ಮೊದಲ ಭೇಟಿಯಲ್ಲಿಯೇ ಕಾಯಿಲೆಯ ಹೆಸರನ್ನು ವೈದ್ಯರಿಗೆ ತಿಳಿಸಿ, ಆಶಾ ಕಾರ್ಯಕರ್ತೆಯ ಕೈಯಲ್ಲಿರುವ ತಾಯಿ ಕಾರ್ಡಿನಲ್ಲಿ ಅದನ್ನು ದೊಡ್ಡ ಅಕ್ಷರದಲ್ಲಿ ಬರೆಸಿಡಬೇಕು.